ಬಡಗಿಯ ಆಕ್ಷೇಪಣೆ

ಶವಪೆಟ್ಟಿಗೆಯನ್ನು ಓರೆ ಮಾಡಿ ನೋಡಿದರು, ಎತ್ತಿ ನೋಡಿದರು. ಪಾರ್ಕಿನ ತಿರುಗುವ ಗೇಟು ಒಬ್ಬೊಬ್ಬರನ್ನೇ ಒಳಬಿಡುವಂಥದ್ದು; ಮಲಗಿ ಬರುವವರನ್ನು ಅದು ನಿರೀಕ್ಷಿಸಿರಲಿಲ್ಲ.

"ಆ ದೊಡ್ಡ ಗೇಟು ತೆಗಿಯಪ್ಪಾ," ಎಂದಳು ಸತ್ತ ಬಡಗಿಯ ಹೆಂಡತಿ. "ಕಾರಂಜಿ ಇರೋ ಕಡೆ ಇವರ ಶೆಡ್ಡಿತ್ತು. ಸ್ವಂತ ಜಾಗ. ಐದು ನಿಮಿಷ ಅಲ್ಲಿಟ್ಟು ಹೊರಡ್ತೀವಿ."

"ಅದು ನೀರಿನ ಟ್ಯಾಂಕರಿಗಮ್ಮಾ. ಬೀಗದ ಕೈ ನಗರಸಭೇಲಿದೆ," ಎಂದ ಕಾವಲುಗಾರ. "ಇದು ಸಾರ್ವಜನಿಕರ ಜಾಗ."

"ನಮ್ಮ ಭಾವ ಸಾರ್ವಜನಿಕರಲ್ವೇನಯ್ಯಾ?" ಅವಳ ತಮ್ಮ ರೇಗಿದ.

"ನಿನ್ನೆವರೆಗೂ ಆಗಿದ್ರು ಸ್ವಾಮಿ."

ಹಿಂದೆ ನಿಂತಿದ್ದ ನಗರಸಭೆಯ ನಿವೃತ್ತ ಗುಮಾಸ್ತ ಕೆಮ್ಮಿದ. "ಜಾಗ ತಗೊಳ್ಳೋವಾಗ ಕಾನೂನು ಪ್ರಕಾರ ಕೇಳಿದ್ವಿ. ಇವರು ಬಾಯೇ ಬಿಡಲಿಲ್ಲ."

"ಬಾಯಲ್ಲಿ ಮೊಳೆ ಇತ್ತಲ್ಲ, ಹೇಗೆ ಬಿಡ್ತಾರೆ?" ಎಂದಳು ಅವಳು.

*

ಎಂಟು ವರ್ಷಗಳ ಹಿಂದೆ, ಆಕ್ಷೇಪಣೆ ಕೇಳುವ ದಿನ, ಗಂಡಹೆಂಡಿರು ಅರ್ಜಿ ಹಿಡಿದು ನಗರಸಭೆಗೆ ಹೋಗಿದ್ದರು. ಅಧಿಕಾರಿ ಕಡತ ಬಿಚ್ಚಿದೊಡನೆ ಮೇಜು ಓಲಾಡಿತು.

"ಸರಿಯಾದ ಹೊತ್ತಿಗೆ ಬಂದ್ರಿ ಮೇಸ್ತ್ರಿ!" ಎಂದಿದ್ದ ಇದೇ ಗುಮಾಸ್ತ. "ಈ ಕಾಲು ಒಂಚೂರು ನೋಡಿ."

ಹೆಂಡತಿ ತೋಳು ಜಗ್ಗಿದಳು. "ಮೊದಲು ನಿಮ್ಮ ಮಾತು ಹೇಳ್ರೀ."

"ಓಲಾಡೋ ಮೇಜಿನ ಮೇಲೆ ಅವರು ಏನಂತ ಬರೀತಾರೆ ಕಣೇ? ಎರಡೇ ನಿಮಿಷ."

ಅರ್ಜಿಯನ್ನು ಜೇಬಿಗೆ ತುರುಕಿ, ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಬಡಗಿ ಮೇಜಿನಡಿ ಹೊಕ್ಕ. ಅರೆಬರೆ ಕೆಲಸ ಅವನ ಜಾಯಮಾನದಲ್ಲೇ ಇರಲಿಲ್ಲ. ಮೇಲೆ ಅಧಿಕಾರಿ ಜಾಗದ ವಿವರ ಓದಿ, "ಆಕ್ಷೇಪಣೆ ಇದ್ದವರು ಹೇಳಬಹುದು," ಎಂದರು. ಹೆಂಡತಿ ಎದ್ದಳು.

"ಜಾಗ ನಿಮ್ಮ ಹೆಸರಲ್ಲಿದೆಯೇನಮ್ಮಾ? ಇಲ್ವಾ? ಕೂತ್ಕೊಳ್ಳಿ."

ಮೇಜಿನಡಿಯಿಂದ "ಉಂ, ಉಂ" ಎಂಬ ಸದ್ದು ಬಂತು. ಯಾರೂ ಬಗ್ಗಿ ನೋಡಲಿಲ್ಲ. ಅವನು ತೆವಳಿ ಹೊರಬರುವಷ್ಟರಲ್ಲಿ ಸಹಿ ಬಿದ್ದಾಗಿತ್ತು. ಮೇಜು ಬಂಡೆಯಂತೆ ನಿಂತಿತ್ತು.

"ಅಚ್ಚುಕಟ್ಟಾದ ಕೆಲಸ," ಎಂದು ಅಧಿಕಾರಿ ಮನಸಾರೆ ಮೆಚ್ಚಿದರು.

*

"ಒಬ್ಬೊಬ್ಬರೇ ಹೋಗಬಹುದು ತಾನೇ?" ಅವಳು ಕಾವಲುಗಾರನನ್ನು ಕೇಳಿದಳು.

"ಧಾರಾಳವಾಗಿ."

"ಮುಚ್ಚಳ ತೆಗಿಯೋ," ಎಂದಳು ತಮ್ಮನಿಗೆ.

ಸೆಟೆದ ದೇಹವನ್ನು ನೆಟ್ಟಗೆ ನಿಲ್ಲಿಸಿ, ಒಳಗಿನಿಂದೊಬ್ಬರು ಹೊರಗಿನಿಂದೊಬ್ಬರು ಹಿಡಿದು ಗೇಟು ತಿರುಗಿಸಿದರು. ಕಾವಲುಗಾರ ತನ್ನ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದ, ಇದಕ್ಕೊಂದೂ ಸಿಗಲಿಲ್ಲ. ಕಾರಂಜಿಯ ಎದುರಿನ ಬೆಂಚಿನ ಮೇಲೆ ಬಡಗಿಯನ್ನು ಮಲಗಿಸಿದರು. ತಲೆಯ ಬಳಿ ಹೆಂಡತಿ ನೆಲದ ಮೇಲೆ ಕುಳಿತಳು.

ಮೂರು ಸುತ್ತು ನಡೆದು ಬೆವರಿದ್ದ ದಪ್ಪನೆಯ ಗೃಹಸ್ಥರೊಬ್ಬರು ಫೋನು ನೋಡುತ್ತಲೇ ಬಂದು ನಿಂತರು.

"ಬೆಂಚು ಎಲ್ಲರದ್ದೂ ಕಣ್ರೀ. ಸ್ವಲ್ಪ ಕಾಲು ಮಡಚಿ."

ಬಡಗಿ ಕಾಲು ಮಡಚಲಿಲ್ಲ.