ಅಬ್ಬಾನ ಸ್ಟಾಂಪು

"ಎತ್ತಬ್ಯಾಡ್ರಿ!"

ಗುಲಫಶಾ ತಾಯಿಯ ಹೆಣ ಇಟ್ಟಿದ್ದ ಜನಾಜಾದ ಕಾಲು ಹಿಡಿದು ಅಂಗಳದಲ್ಲಿ ಕೂತುಬಿಟ್ಟಳು. ಹೆಗಲು ಕೊಡಲು ಬಾಗಿದ್ದವರು ಹಾಗೇ ನಿಂತರು.

"ಹೊತ್ತಾಗ್ಲಿಕತ್ತದ ಬೇಟಾ. ಮಯ್ಯತ್ ಭಾಳ ಹೊತ್ತು ಇಡಬಾರದು," ಎಂದ ಕಾಕಾ ಫಯಾಜ.

"ಭಾಯ್ ಜೈಲಿನಿಂದ ಹೊಂಟಾನ ಕಾಕಾ. ಚೌಡಾಪುರ ದಾಟೀವಿ ಅಂತ ಪೊಲೀಸರು ಫೋನ್ ಮಾಡ್ಯಾರ. ಅಮ್ಮಿ ಮಾರಿ ಒಮ್ಮೆ ನೋಡ್ಲಿ."

ಫಯಾಜ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡ. ಎಲ್ಲರೂ ಹಿಂದೆ ಸರಿದರು.

*

ಹೊಡೆದಾಟವೊಂದರಲ್ಲಿ ಒಬ್ಬನ ಜೀವ ತೆಗೆದು ಗುಲಫಶಾಳ ಅಣ್ಣ ಮುಕ್ರಮ ಜೈಲು ಸೇರಿದ ಮೇಲೆ ಅವನಪ್ಪ ಹಸನಸಾಬ ಮಗನ ಹೆಸರೆತ್ತಲಿಲ್ಲ. ಹಾಗೆಯೇ ತೀರಿಕೊಂಡ. ಘತ್ತರಗಿಯ ಅವನ ಸಣ್ಣ ಅಂಗಡಿಯಲ್ಲಿ ಉಳಿದದ್ದು ಒಂದಿಷ್ಟು ಪೆನ್ನು, ಲಕೋಟೆ, ಮಾರಾಟವಾಗದ ಅಂಚೆಚೀಟಿ. ಹೆಂಡತಿ ಮದೀನಾಬಿ ಆ ಚೀಟಿಗಳನ್ನೇ ಹಚ್ಚಿ ಮಗನಿಗೆ ಕಾಗದ ಕಳಿಸತೊಡಗಿದಳು. ಫೋನಿನಲ್ಲಿ ಅಳು ಬರುತ್ತದೆ, ಮಾತು ಬರುವುದಿಲ್ಲ ಎನ್ನುತ್ತಿದ್ದಳು. ಅವಳು ಹೇಳಿದ್ದನ್ನು ಪಕ್ಕದ ಮನೆಯ ಭಾಗಮ್ಮ ಬರೆದುಕೊಡುತ್ತಿದ್ದಳು.

ಅಂಚೆ ದರ ಏರಿದಾಗ ಹಳೆಯ ಚೀಟಿಗಳನ್ನು ಒಂದರ ಪಕ್ಕ ಒಂದು ಹಚ್ಚಬೇಕಾಯಿತು.

"ಹೊಸಾ ಸ್ಟಾಂಪು ತಗೊಂಡ್ರ ಮುಗೀತಲ್ಲ. ವಿಳಾಸ ಬರೀಲಿಕ್ಕ ಜಾಗಾ ಇಲ್ಲ," ಭಾಗಮ್ಮ ನಕ್ಕಳು.

"ಅವ್ರಪ್ಪ ತಂದಿಟ್ಟಿದ್ದವು ಬೇ ಇವು. ಅಪ್ಪಂದೂ ಒಂದು ಮಾತು ಹೋಗ್ಲಿ ಮಗನಿಗೆ. ಬಾಯಿಲೆ ಅಂತೂ ಆಡಲಿಲ್ಲ."

ಕಡೆಯ ಕಾಗದಕ್ಕೆ ಚೀಟಿ ಸಾಲಲಿಲ್ಲ. ಭಾಗಮ್ಮ ಎಷ್ಟು ಹೇಳಿದರೂ ಹೊಸದು ಕೊಳ್ಳಲಿಲ್ಲ ಮದೀನಾಬಿ. ಇದ್ದಷ್ಟನ್ನೇ ಹಚ್ಚಿ ಡಬ್ಬಿಗೆ ಹಾಕಿ ಬಂದಳು. ಕಮ್ಮಿ ಬಿದ್ದ ದುಡ್ಡನ್ನು ಜೈಲಿನಲ್ಲಿ ಕಟ್ಟಿ ಬಿಡಿಸಿಕೊಳ್ಳುವವರಿಲ್ಲದೆ, ಮುಕ್ರಮನಿಗೆ ಸುದ್ದಿಯೂ ಮುಟ್ಟದೆ, ಅದು ಮರಳಿ ಬಂತು.

"ಏನು ಬರದಾರ ಬೇ?" ಮದೀನಾಬಿ ಲಕೋಟೆ ಮುಂದೆ ಹಿಡಿದಳು.

"ತಗೊಂಡಿಲ್ಲ ಅಂತ..." ಭಾಗಮ್ಮ ಓದತೊಡಗಿದಳು.

"ಯಾರು, ಮುಕ್ರಮ?"

"ಅವ ಅಲ್ಲ ಬೇ, ಸ್ಟಾಂಪು ಕಮ್ಮಿ ಬಿದ್ದಾವ, ಅದಕ್ಕ..."

ಮದೀನಾಬಿಯ ಕಿವಿಯಲ್ಲಿ ಮೊದಲ ಮಾತೊಂದೇ ಉಳಿದಿತ್ತು. "ಅಪ್ಪನ ಹಂಗ ಇವನೂ ಮಾರಿ ತಿರುವಿದ," ಎಂದು ಗೋಡೆಯ ಕಡೆ ಹೊರಳಿ ಮಲಗಿದಳು. ಆಮೇಲೆ ರೊಟ್ಟಿ ಮುಟ್ಟಲಿಲ್ಲ. ಮಗಳು ಗಂಜಿ ಕುಡಿಸಲು ಹೋದರೆ ತುಟಿ ತೆರೆಯುತ್ತಿರಲಿಲ್ಲ.

*

ಇಬ್ಬರು ಪೊಲೀಸರ ನಡುವೆ ಮುಕ್ರಮ ಜೀಪಿನಿಂದ ಇಳಿದ. ಬೇಡಿ ಹಾಕಿದ ಕೈಗಳಿಂದಲೇ ತಾಯಿಯ ಮುಖದ ಬಟ್ಟೆ ಸರಿಸಿದ. ಬಹಳ ಹೊತ್ತು ನೋಡಿದ.

"ಗುಲ್ಲು, ಅಮ್ಮಿಗೆ ನನ್ನ ಮ್ಯಾಲ ಸಿಟ್ಟು ಬಂದಿತ್ತೇನು? ತಿಂಗಳಾತು, ಕಾಗದಾನೇ ಇಲ್ಲ. ಲಕೋಟಿ ಮ್ಯಾಲಿನ ಅಬ್ಬಾನ ಸ್ಟಾಂಪು ನೋಡ್ಕೋತ ದಿನಾ ಕಳೀತಿದ್ದೆ."

ಗುಲಫಶಾ ಬಾಯಿ ತೆರೆದಳು. ಬಾಗಿಲಲ್ಲಿ ನಿಂತಿದ್ದ ಭಾಗಮ್ಮನ ಕಡೆ ನೋಡಿದಳು.

"ಇಲ್ಲ ಭಾಯ್. ಅಕಿಗೆ ಆರಾಮ ಇದ್ದಿಲ್ಲ, ಅದಕ್ಕ ಬರಸ್ಲಿಲ್ಲ. ನಿನ್ನ ಹೆಸರು ತಗೋತನೇ ಹೋದ್ಳು."

"ಖರೇನಾ?"

"ಖರೇ ಭಾಯ್."

ಭಾಗಮ್ಮ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಖಬರಸ್ತಾನದಲ್ಲಿ ಯಾರೂ ಕೇಳದೆಯೇ ಪೊಲೀಸ ಬೇಡಿ ಬಿಚ್ಚಿದ. ಮುಕ್ರಮ ತಾಯಿಯ ಗೋರಿಗೆ ಮೂರು ಸಲ ಹಿಡಿಮಣ್ಣು ಕೊಟ್ಟ. ಫಯಾಜ ನೀರಿನ ತಂಬಿಗೆ ತಂದು, "ಕೈ ತೊಳ್ಕೋ ಬೇಟಾ," ಎಂದ. ಮುಕ್ರಮ ಬೇಡವೆಂದು ತಲೆಯಾಡಿಸಿದ. ಮತ್ತೆ ಬೇಡಿ ಬಿತ್ತು.

ಜೀಪು ಅಲುಗಾಡುತ್ತ ರಸ್ತೆ ಹತ್ತಿತು. ಹಿಂದಿನ ಸೀಟಿನಲ್ಲಿ ಅವನು ಎರಡೂ ಅಂಗೈಗಳನ್ನು ಮೇಲೆ ಮಾಡಿ ಮಡಿಲಲ್ಲಿ ಇಟ್ಟುಕೊಂಡಿದ್ದ. ಅಂಟಿಕೊಂಡಿದ್ದ ಕರಿಮಣ್ಣು ಉದುರದಂತೆ ಬೆರಳುಗಳನ್ನು ಮೆಲ್ಲಗೆ ಮಡಿಸುತ್ತಿದ್ದ.