ನಾಗೇಂದ್ರಪ್ಪನ ಎಡ ಮೊಣಕಾಲು

ಎರ್ರೆಮ್ಮನನ್ನು ಮಣ್ಣು ಮಾಡಿದ ದಿನ ಅವಳ ಗಂಡ ನಾಗೇಂದ್ರಪ್ಪ ದಿಬ್ಬದ ಕೆಳಗೆ ಆಟೋದಲ್ಲೇ ಕೂತಿದ್ದ. ತವರೂರು ಚೋರನೂರಿನಲ್ಲಿ ತನ್ನ ಅವ್ವನ ಪಕ್ಕಕ್ಕೇ ಇಡಬೇಕೆಂದು ಅವಳು ಮೊದಲೇ ಹೇಳಿದ್ದಳು. ಅಲ್ಲಿನ ಸ್ಮಶಾನ ಊರಾಚೆಯ ದಿಬ್ಬದ ಮೇಲಿದೆ. ಹತ್ತುವ ದಾರಿಯಲ್ಲಿ ಬರೀ ಗುಂಡುಕಲ್ಲು, ಜಾಲಿಮುಳ್ಳು. ನಾಗೇಂದ್ರಪ್ಪ ಕೋಲೂರಿಕೊಂಡು ಸ್ವಲ್ಪ ದೂರ ಹೋದ. ಎಡ ಮೊಣಕಾಲು ಮಡಚಲಿಲ್ಲ. ಹೆಣ ಹೊತ್ತವರು ನಿಂತು ಕಾಯುವಂತಿರಲಿಲ್ಲ.

"ನೀ ಕುಂದ್ರು ಮಾವ, ನಾವು ಮುಗಿಸ್ಕೊಂಡು ಬರ್ತೀವಿ" ಅಂದ ಎರ್ರೆಮ್ಮನ ತಮ್ಮ ಮಾರೇಶ್.

ಬಹಳ ಹೊತ್ತಿನ ಮೇಲೆ ಅವನೇ ಇಳಿದು ಬಂದ. ಉಗುರಿನ ಸಂದಿಯಲ್ಲಿ ಮಣ್ಣಿತ್ತು. "ಆತು ಮಾವ" ಅಂದ. ನಾಗೇಂದ್ರಪ್ಪ "ಹೂಂ" ಅಂದ.

ಅವತ್ತು ಅವನು ಅಳಲಿಲ್ಲ. ಹೊಸಪೇಟೆಯ ಮನೆಗೆ ಬಂದ ಮೇಲೂ ಅಳಲಿಲ್ಲ. ಸ್ನಾನ ಮಾಡು ಅಂದರೆ ಮಾಡುತ್ತಿದ್ದ, ತಟ್ಟೆ ಇಟ್ಟರೆ ಉಣ್ಣುತ್ತಿದ್ದ. ಟಿವಿ ಹಾಕಿದರೆ ನೋಡುತ್ತಿದ್ದ, ಆರಿಸಿದರೂ ಅದೇ ಕಡೆ ನೋಡುತ್ತಿದ್ದ.

ಅವನು ಸಂಡೂರಿನ ಗಣಿಗಳಿಂದ ಹೊಸಪೇಟೆಗೆ ಅದಿರಿನ ಟಿಪ್ಪರ್ ಓಡಿಸಿದವನು. ವರ್ಷಗಟ್ಟಲೆ ಘಾಟಿಯಲ್ಲಿ ಕ್ಲಚ್ ತುಳಿದು ತುಳಿದೇ ಎಡಗಾಲು ಹೋಯಿತು ಎಂದು ಎರ್ರೆಮ್ಮ ಬೈಯುತ್ತಿದ್ದಳು. ಈಗ ಮನೆಯಲ್ಲಿ ಅವನ ಜೊತೆಗಿದ್ದವಳು ಮಗಳು ಪಲ್ಲವಿ. ರಕ್ತ ಪರೀಕ್ಷೆಯ ಲ್ಯಾಬ್ ಒಂದರಲ್ಲಿ ಟೆಕ್ನಿಷಿಯನ್. ಅಪ್ಪ ಅವತ್ತು ದಿಬ್ಬ ಹತ್ತಿದ್ದರೆ ಅತ್ತುಬಿಡುತ್ತಿದ್ದ, ಅತ್ತಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ವರ್ಷದ ದಿನಕ್ಕಾದರೂ ಅವನನ್ನು ಮೇಲೆ ಹತ್ತಿಸಬೇಕೆಂದು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಎಲುಬಿನ ನಡುವಿನ ಮೆತ್ತೆ ಪೂರಾ ಸವೆದೈತಿ. ಎಲುಬಿಗೆ ಎಲುಬು ತಾಕ್ತದ. ಕೀಲು ಬದಲಿ ಮಾಡೋದೇ ದಾರಿ."

"ಕೊಯ್ಯೋದು ಬ್ಯಾಡ" ಅಂದ ನಾಗೇಂದ್ರಪ್ಪ. ಹೆಂಡತಿ ಸತ್ತ ಮೇಲೆ ಅವನು ಬ್ಯಾಡ ಅಂದಿದ್ದು ಅದೇ ಮೊದಲು.

"ಸ್ಟೆಮ್ ಸೆಲ್ ಅಂತಾರಲ್ರಿ ಸರ್, ಅದು?" ಪಲ್ಲವಿ ಕೇಳಿದಳು.

"ಅದಿನ್ನೂ ಸಂಶೋಧನೆಯಾಗ ಐತಮ್ಮ. ಕೆಲವರಿಗೆ ನೋವು ಕಡಿಮಿ ಆಗೇತಿ. ಸವೆದದ್ದು ಮತ್ತ ಬೆಳೀತದ ಅಂತ ಯಾರರ ಹೇಳಿದ್ರ ನಂಬಬ್ಯಾಡ. ಇಷ್ಟು ಸವೆದ ಮ್ಯಾಲಂತೂ ನಂಬಬ್ಯಾಡ."

ಮತ್ತೆ ಬೆಳೆಯುತ್ತದೆ ಎಂದು ಹೇಳುವ ಕ್ಲಿನಿಕ್ಕೂ ಇತ್ತು. ಮೊದಲಿನ ಡಾಕ್ಟರ ಮಾತೇ ನಿಜವಿರಬೇಕೆಂದು ಪಲ್ಲವಿಗೆ ಅನಿಸಿತ್ತು. ಆದರೂ ಅಪ್ಪನನ್ನು ಕರೆದುಕೊಂಡು ಹೋದದ್ದು ಆ ಕ್ಲಿನಿಕ್ಕಿಗೆ.

ನಾಗೇಂದ್ರಪ್ಪನನ್ನು ಬೋರಲು ಮಲಗಿಸಿ, ಸೊಂಟದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಿಂದ ಎಲುಬಿನೊಳಗಿನ ಮಜ್ಜೆ ಎಳೆದರು. ಅದನ್ನು ಮಷಿನ್ನಿನಲ್ಲಿ ಹಾಕಿ ತಿರುಗಿಸಿದರು. ಪಲ್ಲವಿ ದಿನವೂ ಅಂಥದೇ ಮಷಿನ್ನಿನಲ್ಲಿ ಊರಿನವರ ರಕ್ತ ತಿರುಗಿಸುವವಳು. ಇವತ್ತು ಗಾಜಿನಾಚೆ ನಿಂತು ನೋಡಿದಳು. ಬೇರ್ಪಟ್ಟು ಬಂದ ಸ್ಟೆಮ್ ಸೆಲ್ಲಿನ ದ್ರವವನ್ನು ಎಡ ಮೊಣಕಾಲಿಗೆ ಚುಚ್ಚಿದರು.

"ನೋವಾತೇನಪ್ಪಾ?"

"ಗೊತ್ತಾಗಲಿಲ್ಲ."

ಮೊದಲು ಮೊಣಕಾಲು ಊದಿಕೊಂಡಿತು. ಊತ ಇಳಿದ ಮೇಲೆ ಸ್ವಲ್ಪ ಹಗುರಾಯಿತು. ಚಳಿಗಾಲದಲ್ಲಿ ಅವನು ಕೋಲಿಲ್ಲದೆ ಮೂಲೆಯ ಚಹದಂಗಡಿಯವರೆಗೆ ಹೋಗಿ ಬಂದ. ಪಲ್ಲವಿ ಅದನ್ನು ಮಾರೇಶ್‌ಗೆ ಫೋನ್ ಮಾಡಿ ಹೇಳಿದಳು. ಆಮೇಲೆ ದಿನಾ ಸಂಜೆ ಚಪ್ಪಲಿ ಬಿಡುವಾಗಲೇ "ಹೆಂಗೈತಪ್ಪಾ?" ಎಂದು ಕೇಳುವಳು. "ಚಲೋ ಐತಿ" ಅನ್ನುವನು.

ಮಳೆಗಾಲ ಹತ್ತಿರ ಬಂದಾಗ ಒಂದು ದಿನ ಲ್ಯಾಬಿನಲ್ಲಿ ಕರೆಂಟು ಹೋಗಿ ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಅಪ್ಪ ನೆಲದ ಮೇಲೆ ಕೂತು, ಎರಡೂ ಕೈ ಊರಿ, ಕುಂಡಿ ಜರುಗಿಸುತ್ತ ಬಚ್ಚಲಿನ ಕಡೆ ಹೋಗುತ್ತಿದ್ದ. ಅವಳನ್ನು ನೋಡಿ ಜರುಗುವುದನ್ನು ನಿಲ್ಲಿಸಿದ.

"ಯಾವಾಗಿಂದ ಹಿಂಗ?"

"ಬ್ಯಾಸಿಗಿಯಿಂದ."

"ನನಗ್ಯಾಕ ಹೇಳಲಿಲ್ಲ?"

"ನೀ ದಿನಾ ಕೇಳ್ತಿದ್ದಿ. ಚಲೋ ಐತಿ ಅಂದ್ರ ಮಾತು ಅಲ್ಲಿಗೇ ಮುಗೀತಿತ್ತು."

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಬೇಸರವೂ ಇರಲಿಲ್ಲ. ಪಲ್ಲವಿ ಮರುದಿನ ಕ್ಲಿನಿಕ್ಕಿಗೆ ಹೋದಳು. ಇನ್ನೊಂದು ಡೋಸ್ ಕೊಡೋಣ ಅಂದರು. ಅವಳು ಎದ್ದು ಬಂದಳು.

ವರ್ಷದ ದಿನ ಚೋರನೂರಿಗೆ ಹೋದರು. ಮಾರೇಶ್ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿದ್ದ, ಹೊರುವುದಕ್ಕೆ ಇಬ್ಬರನ್ನು ಕರೆಸಿದ್ದ.

"ಕುರ್ಚಿ ಬ್ಯಾಡ" ಅಂದ ನಾಗೇಂದ್ರಪ್ಪ.

ದಿಬ್ಬಕ್ಕೆ ಬೆನ್ನು ಮಾಡಿ ನೆಲದ ಮೇಲೆ ಕೂತ. ಕೈ ಹಿಂದಕ್ಕೂರಿ, ಮೈ ಎತ್ತಿ, ಒಂದೊಂದೇ ಗೇಣು ಹಿಂದಕ್ಕೆ ಏರತೊಡಗಿದ. ಪಲ್ಲವಿ ಅವನಿಗಿಂತ ಮೇಲೆ ದಾರಿಯ ಮುಳ್ಳು ಸರಿಸುತ್ತ ನಡೆದಳು. ಪಂಚೆ ಹರಿಯಿತು, ಅಂಗೈ ತರಚಿತು. ಅವನು ನಡುವೆ ತಡೆದು ಉಸಿರು ತಗೊಂಡ, ನೀರು ಕುಡಿದ, ಮತ್ತೆ ಏರಿದ.

ಮೇಲೆ ಮಣ್ಣಿನ ಗುಡ್ಡೆ ಕುಸಿದು ನೆಲಕ್ಕೆ ಸಮವಾಗಿತ್ತು. ಹುಲ್ಲು ಹುಟ್ಟಿತ್ತು.

"ತಲಿ ಯಾವ ಕಡಿ?" ಎಂದು ಕೇಳಿದ.

ಮಾರೇಶ್ ತೋರಿಸಿದ. ನಾಗೇಂದ್ರಪ್ಪ ಅಲ್ಲಿ ಕೈ ಇಟ್ಟು ಕೂತ. ಪಲ್ಲವಿ ಕಾದಳು. ಮಾರೇಶ್ ಊದುಬತ್ತಿ ಹಚ್ಚಿದ, ಅದು ಉರಿದು ತೀರಿತು.

"ಏನನ್ನಸ್ತದಪ್ಪಾ?"

"ಏನೂ ಇಲ್ಲವ್ವ. ಮ್ಯಾಲ ಬಂದ್ರ ಅನಸ್ತದ ಅನ್ಕೊಂಡಿದ್ದೆ" ಅಂದ.

"ನನಗೂ ಅವತ್ತು ಏನೂ ಅನಿಸಲಿಲ್ಲ" ಅಂದಳು ಪಲ್ಲವಿ. "ಇಲ್ಲೇ ನಿಂತಿದ್ದೆ. ಮಣ್ಣು ಹಾಕಿದೆ. ಏನೂ ಅನಿಸಲಿಲ್ಲ. ಈಗಲೂ ಇಲ್ಲ."

ನಾಗೇಂದ್ರಪ್ಪ ತಲೆಯೆತ್ತಿ ಅವಳ ಮುಖ ನೋಡಿದ. ಹಾಗೆ ನೋಡಿ ಬಹಳ ದಿನವಾಗಿತ್ತು.

"ನಿನಗೂ ಹಂಗೇನು?"

"ಹೂಂ."

ಅವನು ಪಕ್ಕಕ್ಕೆ ಸರಿದು ಜಾಲಿಗಿಡದ ನೆರಳಿನಲ್ಲಿ ಜಾಗ ಮಾಡಿದ. ಅವಳು ಕೂತಳು.

ಕೆಳಗಿಳಿದ ಮೇಲೆ, "ಆ ಮೊದಲನೇ ಡಾಕ್ಟರ ಹತ್ರನೇ ಹೋಗಾಣ. ಕೊಯ್ಯಲಿ" ಎಂದ.

ದೀಪಾವಳಿ ಕಳೆದ ಮೇಲೆ ಆಪರೇಷನ್ ಆಯಿತು. ಹೊಸ ಕೀಲು ಮೊದಮೊದಲು ಬಹಳ ಕಾಡಿತು, ಆಮೇಲೆ ಹೊಂದಿಕೊಂಡಿತು. ನಾಗೇಂದ್ರಪ್ಪ ಈಗ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಕಾಯಿಪಲ್ಯ ತರುತ್ತಾನೆ. ಅಪ್ಪ ಮಗಳು ಇಬ್ಬರೂ ಇನ್ನೂ ಅತ್ತಿಲ್ಲ. ಮೊನ್ನೆ ಪುಂಡಿಪಲ್ಯದ ಹುಳಿ ಸೊಪ್ಪು ತಂದಿದ್ದ. ಪಲ್ಲವಿ ಒಲೆಯ ಮುಂದೆ ನಿಂತು, "ಅವ್ವ ಇದಕ್ಕ ಬೆಲ್ಲ ಹಾಕ್ತಿದ್ಲೇನಪ್ಪಾ?" ಎಂದು ಕೇಳಿದಳು.

"ಇಲ್ಲ" ಅಂದ. ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಯೋಚಿಸಿದ. "ಹಾಕ್ತಿದ್ಲು. ಚೂರು."