ಸೊರಬದ ಮುದ್ರೆ

ಮುಂದಿನ ಸೀಟಿನ ಕೆಂಪು ರುಮಾಲಿನವನು ಮತ್ತೆ ತಿರುಗಿ ನೋಡಿದ, ಇದು ಮೂರನೇ ಸಲ, ಶಿಕಾರಿಪುರ ಬಿಡುವಾಗ ಒಂದು ಸಲ, ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಒಂದು ಸಲ, ಈಗೊಂದು ಸಲ, ಕಿಟಕಿಯಾಚೆ ಗದ್ದೆ ನೋಡುವ ನೆಪ, ಕಣ್ಣೆಲ್ಲ ತನ್ನ ಕೋಟಿನ ಜೇಬಿನ ಮೇಲೆ — ಹುಚ್ಚರಾಯಪ್ಪ ಮೇಷ್ಟ್ರ ಕೈ ತಾನಾಗಿಯೇ ಎದೆಗೆ ಹೋಯಿತು, ಲಕೋಟೆ ಇದ್ದಲ್ಲೇ ಇದೆ, ಮೂಲೆ ಮಾತ್ರ ಬೆವರಿಗೆ ಮೆತ್ತಗಾಗಿದೆ, ವಿಳಾಸದ ಶಾಯಿ ಹರಡೀತು, ಹರಡಿದರೆ ಹರಡಲಿ, ಎಡಗೈಯಲ್ಲಿ ಬರೆದ ಅಕ್ಷರ ಮೊದಲೇ ಕೋಳಿ ಕೆದರಿದ ಹಾಗಿದೆ. ತೊಗರ್ಸಿಯಾಚೆಯ ಹಳ್ಳಿಯಲ್ಲಿ ಹದಿನೆಂಟು ವರ್ಷ ದುಂಡಗೆ ಬರೆಯಿರೋ ಅಂತ ಮಕ್ಕಳ ಬೆರಳಿಗೆ ಹೊಡೆದ ಮನುಷ್ಯ ನಿನ್ನೆ ಇಡೀ ದಿನ ಕೋಣೆಯ ಬಾಗಿಲು ಹಾಕಿಕೊಂಡು ಸೊಟ್ಟಗೆ ಬರೆಯುವುದನ್ನು ಕಲಿತ, ಅದೂ ಒಂದು ವಿದ್ಯೆಯೇ, ಯಾವ ಟ್ರೈನಿಂಗಿನಲ್ಲೂ ಹೇಳಿಕೊಡುವುದಿಲ್ಲ. ಶಿಕಾರಿಪುರದಲ್ಲೇ ಅಂಚೆಗೆ ಹಾಕಬಹುದಿತ್ತು, ಆದರೆ ಅಲ್ಲಿನ ಮುದ್ರೆ ಬಿದ್ದರೆ ಮೂಗರ್ಜಿ ಬರೆದವರು ಯಾರು ಅಂತ ಶಾಲೆಗಳ ಇನ್ಸ್‌ಪೆಕ್ಟರು ಒಂದೇ ನಿಮಿಷದಲ್ಲಿ ಊಹಿಸುತ್ತಾರೆ, ಸೊರಬದ ಮುದ್ರೆ ಬಿದ್ದರೆ ಬೇರೆ ಮಾತು, ತನ್ನ ಶಾಲೆಯ ಟೀಚರು ಯಮುನಮ್ಮ ಸೊರಬದವಳು, ಅವಳ ಊರಿನವರೇ ಯಾರೋ ಬೇಸತ್ತು ಬರೆದಿದ್ದಾರೆ ಅಂತಾಗುತ್ತದೆ. ಸ್ಟಾಂಪು ಕೂಡ ಅಲ್ಲೇ ಕೊಳ್ಳುವುದು, ಶಿಕಾರಿಪುರದಲ್ಲಿ ಕೊಂಡರೆ ಅಂಚೆಯವನಿಗೆ ನೆನಪಿರುತ್ತದೆ, ಆ ಜನಕ್ಕೆ ಬೇಡದ್ದೆಲ್ಲ ನೆನಪಿರುತ್ತದೆ. ಹಾಲಮ್ಮನಿಗೆ ಹೇಳಿದ್ದು ಶಿಕಾರಿಪುರದಲ್ಲಿ ಸಂಬಳದ ಬಿಲ್ಲಿನ ಕೆಲಸ ಅಂತ, ಹೆಂಡತಿಯಾದವಳು ಹೂಂ ಅಂದು ಸುಮ್ಮನಾಗಬೇಕು, ಇವಳು ಬುತ್ತಿ ಕಟ್ಟುತ್ತ, ಶಿಕಾರಿಪುರಕ್ಕೆ ಹೋಗಾಕೆ ಕೋಟು ಯಾಕ್ರಿ, ಅಂದಳಲ್ಲ, ಅವಳಿಗೂ ಏನೋ ವಾಸನೆ ಬಡಿದಿರಬೇಕು. ಕೆಂಪು ರುಮಾಲಿನವನು ಈಗ ನಿದ್ದೆ ಮಾಡುತ್ತಿದ್ದಾನೆ, ನಿಜವಾದ ನಿದ್ದೆಯೋ ಅಲ್ಲವೋ ದೇವರಿಗೇ ಗೊತ್ತು.

ಬಸ್ಸು ಗುಂಡಿಗೆ ಇಳಿದು ಎದ್ದಾಗ ಮತ್ತೆ ಅದೇ ಬಂತು, ಆ ಹುಡುಗಿ ಸುಂಕಲಮ್ಮ, ನಾಲ್ಕನೇ ಕ್ಲಾಸು, ಕಪ್ಪು ಹಲಗೆಯ ಮುಂದೆ ತುದಿಗಾಲಲ್ಲಿ ನಿಂತಿದ್ದಾಳೆ, ಬರೆದದ್ದನ್ನು ಅಂಗೈಯಿಂದ ಒರೆಸುತ್ತಿದ್ದಾಳೆ, ಅಂಗೈ ಬೆಳ್ಳಗಾಗುತ್ತಿದೆ. ಗುರುವಾರ, ಹನ್ನೊಂದು ಗಂಟೆಗೆ, ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ, ಹೊಸ ಲೆಕ್ಕ ಹೇಗೆ ನಡೆದಿದೆ ನೋಡೋಣ, ಸೊನ್ನೆ ಬಿಂದು ಐದು, ಸೊನ್ನೆ ಬಿಂದು ಹನ್ನೆರಡು, ಯಾವುದು ದೊಡ್ಡದೋ ಅದನ್ನು ಬರಿ ಮಗಾ, ಅಂದರು. ಹುಡುಗಿ ಸರಸರ ಹೋಗಿ ಬಿಂದು ಐದು ಅಂತ ಬರೆದಳು. ಬರೆದು ತಿರುಗಿದಳು, ತನ್ನ ಮುಖ ನೋಡಿದಳು, ತಾನು ಏನೂ ಹೇಳಲಿಲ್ಲ, ಹುಬ್ಬು ಒಂಚೂರು ಮೇಲೆ ಹೋಗಿರಬಹುದು, ಹನ್ನೆರಡಿರುವಾಗ ಐದು ಹೇಗೆ ದೊಡ್ಡದು ಅಂತ ಯಾರಿಗಾದರೂ ಹುಬ್ಬು ಏರುತ್ತದೆ, ಅಷ್ಟಕ್ಕೇ ಅವಳು ಬಟ್ಟೆ ಹುಡುಕದೆ ಅಂಗೈಯಿಂದಲೇ ಒರೆಸಿ ಬಿಂದು ಹನ್ನೆರಡು ಅಂತ ಬರೆದಳು. ಇನ್ಸ್‌ಪೆಕ್ಟರ ಮೀಸೆ ಇಳಿಯಿತು. ಇದನ್ನು ಕಲಿಸಿದವರು ಯಾರು? ಆಗ ಗೋಡೆಯ ಪಕ್ಕ ನಿಂತಿದ್ದ ಯಮುನಮ್ಮ, ಸೆರಗು ಸರಿ ಮಾಡಿಕೊಂಡು, ತಣ್ಣಗೆ, ನಾನು ಕಲಿಸಿದ್ದು ಸಾರ್, ತಪ್ಪು ನಂದು, ಅಂದಳು. ಅಂದುಬಿಟ್ಟಳು! ಲೆಕ್ಕದ ಪಾಠ ತೆಗೆದುಕೊಳ್ಳುವವನು ತಾನು, ಅವಳಲ್ಲ, ಅದು ಇಡೀ ಶಾಲೆಗೆ ಗೊತ್ತು. ತನಗೆ ಬರಬೇಕಾದ ಮಾತನ್ನು ಅವಳು ಯಾಕೆ ಹೊತ್ತುಕೊಳ್ಳಬೇಕು, ಪುಕ್ಕಟೆ ಯಾರಾದರೂ ಬೈಸಿಕೊಳ್ಳುತ್ತಾರೆಯೇ, ಈ ವಯಸ್ಸಿಗೆ ಅಷ್ಟು ಲೋಕ ಕಂಡಿದ್ದೇನೆ ಅಂದುಕೊಂಡರು ಮೇಷ್ಟ್ರು, ಲೋಕ ಅಂದರೆ ಅವರು ಕಂಡದ್ದು ತೊಗರ್ಸಿ, ಶಿಕಾರಿಪುರ, ಒಂದು ಸಲ ಶಿವಮೊಗ್ಗ.

ಬಂದ ದಿನದಿಂದಲೂ ಅವಳ ನಡೆ ಸರಿ ಇರಲಿಲ್ಲ. ವಯಸ್ಸು ಇಪ್ಪತ್ತಮೂರು, ಟ್ರೈನಿಂಗ್ ಆಗಿದೆ, ಸಂಬಳ ತನಗಿಂತ ಇಪ್ಪತ್ತು ರೂಪಾಯಿ ಹೆಚ್ಚು, ಹೆಚ್ಚು ಸಂಬಳದವಳು ಕಡಿಮೆ ಸಂಬಳದವನ ಕೈಕೆಳಗೆ ಎಷ್ಟು ದಿನ ತೆಪ್ಪಗಿದ್ದಾಳು. ಸಂಜೆ ಶಾಲೆ ಬಿಟ್ಟ ಮೇಲೆ ನಾಲ್ಕನೇ ಕ್ಲಾಸಿನವರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಗುಸುಗುಸು, ತಾನು ಛತ್ರಿ ಮರೆತು ವಾಪಸು ಬಂದರೆ ಹಲಗೆ ಆಗಷ್ಟೇ ಒರೆಸಿ ಬರಿದು, ಮಕ್ಕಳೆಲ್ಲ ಗೋಡೆ ನೋಡುತ್ತಿರುತ್ತವೆ, ಏನು ಪಾಠ ಅಂದರೆ ಹಾಡು ಹೇಳಿಕೊಡ್ತಿದ್ದೆ ಮೇಷ್ಟ್ರೇ ಅನ್ನುತ್ತಾಳೆ, ಹಾಡಿಗೆ ಹಲಗೆ ಯಾಕೆ ತಾಯಿ. ದಸರಾ ರಜೆ ಮುಗಿದ ಮೇಲೊಮ್ಮೆ ಕಾಫಿ ಲೋಟ ಮುಂದಿಟ್ಟು, ಮೇಷ್ಟ್ರೇ, ನಿಮಗೆ ಕೆಲಸ ಹೆಚ್ಚಾಗ್ತದೆ, ದಶಮಾಂಶ ಒಂದು ನಾನು ತಗೊಳ್ಲಾ, ಅಂತ ಬೆಣ್ಣೆ ಹಚ್ಚಿದಳು, ಇವತ್ತು ದಶಮಾಂಶ, ನಾಳೆ ಹಾಜರಿ, ನಾಳಿದ್ದು ಕುರ್ಚಿ, ಬೇಡಮ್ಮ ನಿನಗ್ಯಾಕೆ ತೊಂದರೆ ಅಂದು ಕಾಫಿ ಮಾತ್ರ ಕುಡಿದಿದ್ದರು. ಮೊನ್ನೆ ಮೊನ್ನೆ ಬಂದ ಲೆಕ್ಕ ಇದು, ಹಳೆಯದಾದರೆ ಮುಕ್ಕಾಲು, ಅರೆ, ಕಾಲು, ಅರೆಕಾಲು, ವೀಸ, ಆ ಮಗ್ಗಿಯೆಲ್ಲ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾರೆ, ಸಂತೆಯಲ್ಲಿ ದೊಡ್ಡ ದೊಡ್ಡ ವ್ಯಾಪಾರಸ್ಥರೂ ತಮ್ಮ ಬಾಯಿಲೆಕ್ಕಕ್ಕೆ ತಲೆದೂಗಿದ್ದಾರೆ, ಈಗ ಒಂದು ಚುಕ್ಕಿ ಇಟ್ಟು ಎಲ್ಲವನ್ನೂ ತಲೆಕೆಳಗು ಮಾಡಿದರೆ ಯಾರಿಗೆ ಬರಬೇಕು. ಪುಸ್ತಕ ಕಳಿಸಿದರು, ಹೇಳಿಕೊಡುವವರನ್ನು ಕಳಿಸಲಿಲ್ಲ. ಶಿಕಾರಿಪುರದ ಶಿಕ್ಷಕರ ಸಭೆಯಲ್ಲಿ ತಾನೇ ಎದ್ದು ನಿಂತು, ಪ್ಯೂನನಿಗೂ ಮೇಷ್ಟ್ರಿಗೂ ಸಂಬಳದಲ್ಲಿ ಎಷ್ಟು ಅಂತರ ಉಳಿದಿದೆ ಸ್ವಾಮಿ, ಹೊಟ್ಟೆ ತುಂಬದವನು ಮಕ್ಕಳ ತಲೆ ಹೇಗೆ ತುಂಬಿಯಾನು, ಅಂತ ಕೇಳಿದಾಗ ಚಪ್ಪಾಳೆ ಬಿದ್ದಿತ್ತು, ಚಪ್ಪಾಳೆ ತಟ್ಟಿದ ಕೈ ಇನ್ನೂ ಬಿಸಿಯಿರುವಾಗಲೇ ಹಿಂದಿನ ಬೆಂಚಿನ ಎಳೆಯನೊಬ್ಬ, ಸಂಬಳ ಏರಿಸಿದ ಮೇಲೆ ಪರೀಕ್ಷೆಯನ್ನೂ ಬಿಗಿ ಮಾಡಲಿ, ಹಳಬರೂ ಕೂತು ಬರೀಲಿ, ಒಪ್ಪಿಗೆಯೇ ಮೇಷ್ಟ್ರೇ, ಅಂದ. ಮೇಷ್ಟ್ರು ಕೂತರು. ಆಮೇಲೆ ಶಾಲಾ ಸಮಿತಿಯ ಅಧ್ಯಕ್ಷರು ವೀರಬಸಪ್ಪನವರು ಅಂಗಡಿಯ ಗಾದಿಯ ಮೇಲೆ ಕೂತೇ, ಸಂಬಳ ಕೊಡ್ಲಿ ಬಿಡ್ರಿ ಮೇಷ್ಟ್ರೇ, ಬ್ಯಾಡ ಅನ್ನಾಕೆ ನಾವ್ಯಾರು, ಆದ್ರೆ ಕೊಟ್ಟಿದ್ದಕ್ಕೆ ಕಲ್ಸೋದೂ ಇರ್ಬೇಕಲ್ಲ, ಅಂತ ಎಲೆಗೆ ಸುಣ್ಣ ಸವರಿದ್ದರು, ಯಾರು ಹೇಳಿರಬೇಕು ಅವರಿಗೆ ಸಭೆಯ ವಿಷಯ? ತಾನಂತೂ ಹೇಳಲಿಲ್ಲ. ತಾನು ಓದಿದ್ದು ಲೋಯರ್ ಸೆಕೆಂಡರಿ, ಅಷ್ಟೇ, ಮುಚ್ಚಿಟ್ಟಿಲ್ಲ, ಆದರೆ ಹೊಲ ಕಾಯುವ ಮಕ್ಕಳನ್ನು ಹೊಲಕ್ಕೇ ಹೋಗಿ ಎಳೆದು ತಂದು ಅಕ್ಷರ ತಿದ್ದಿಸಿದವನು ತಾನು, ಈಗ ಆ ಊರಿನಲ್ಲಿ ಹೆಬ್ಬೆಟ್ಟು ಒತ್ತುವವರು ಮುದುಕರು ಮಾತ್ರ, ಅದಕ್ಕೆ ಯಾವ ಸರ್ಟಿಫಿಕೇಟು ಕೊಡುತ್ತೀರಿ?

ಉಡುತಡಿ ಹಿಂದೆ ಉಳಿದು ಎಷ್ಟು ಹೊತ್ತಾಯಿತೋ, ಗಾಳಿ ಬೇರೆಯಾಗಿದೆ, ರಸ್ತೆಯ ಎರಡೂ ಕಡೆ ಮರ ಒತ್ತಾಗಿವೆ, ಕಂಡಕ್ಟರು ಹಿಂದಿನಿಂದ ಎರಡು ಸಲ ನಡೆದುಹೋದ, ಸೊರಬದಲ್ಲಿ ಯಾರ ಮನೀಗೆ ಅಂತ ಕೇಳಿದ, ಕೇಳಬೇಕಾದ್ದು ಏನಿದೆ, ಮದುವೆಗೆ ಅಂತ ಸುಳ್ಳು ಹೇಳಿದ್ದಾಯಿತು. ಅಂದು ಇನ್ಸ್‌ಪೆಕ್ಟರು ಹೊರಟ ಮೇಲೆ ಸುಂಕಲಮ್ಮನನ್ನು ನೀರಿನ ಹಂಡೆಯ ಹತ್ತಿರ ಕರೆದು, ಮೊದಲು ಐದು ಬರೆದದ್ದು ಯಾಕೆ, ಆಮೇಲೆ ಒರೆಸಿದ್ದು ಯಾಕೆ, ನಿಜ ಹೇಳು, ಅಂತ ಗದರಿಸಿದರು. ಹುಡುಗಿ ಲಂಗ ಹಿಂಡುತ್ತ, ನೀವು ಹನ್ನೆರಡು ಅಂತ ಕಲ್ಸೀರಲ್ರಿ ಸಾ, ಅಂದಳು. ಮತ್ತೆ ಐದು? ಅದು ಅಕ್ಕೋರದ್ದು ಸಾ, ಸಂಜೀಕೆ ಹೇಳ್ಕೊಡ್ತಾರೆ, ನಿಮ್ಮ ಮುಂದೆ ಹೇಳ್ಬ್ಯಾಡ್ರಿ, ಮೇಷ್ಟ್ರಿಗೆ ನೋವಾಗ್ತತಿ ಅಂದಾರೆ. ಕೇಳಿದ್ದೇ ಮೈಯೆಲ್ಲ ಉರಿಯಿತು. ಹಾಗಾದರೆ ತಿಂಗಳುಗಟ್ಟಲೆ ಮೂವತ್ತು ಮಕ್ಕಳು ತನ್ನ ಮುಂದೆ ಒಂದು, ಅವಳ ಮುಂದೆ ಒಂದು! ಹಗಲು ಹನ್ನೆರಡು, ಸಂಜೆ ಐದು! ನೋವಾಗುತ್ತದಂತೆ, ಎಂಥ ನಾಜೂಕು, ಹೀಗೆ ಗುಟ್ಟಾಗಿ ಬಲೆ ಹೆಣೆದು, ಇನ್ಸ್‌ಪೆಕ್ಟರ ಎದುರು ಹುಡುಗಿಯ ಕೈಯಲ್ಲಿ ಒರೆಸಿ ಬರೆಸಿ, ಕೊನೆಗೆ ತಪ್ಪು ನಂದು ಅಂತ ದೇವತೆಯ ಹಾಗೆ ನಿಂತು, ಸೈಕಲ್ಲಿನವರೆಗೆ ಹೋಗಿ ಬೀಳ್ಕೊಡುವಾಗ ಇನ್ಸ್‌ಪೆಕ್ಟರ ಕಿವಿಯಲ್ಲಿ ನಿಜ ಊದಿರುತ್ತಾಳೆ, ಅಲ್ಲಿ ಎರಡು ನಿಮಿಷ ನಿಂತಿದ್ದಳು, ತಾನೇ ಕಂಡಿದ್ದು. ಭೇಟಿ ಪುಸ್ತಕದಲ್ಲಿ ಅವರು ಬರೆದದ್ದು ಅವಳ ಮೇಲೆಯೇ, ಹೌದು, ದಶಮಾಂಶ ಪಾಠ ತೀರ ಅತೃಪ್ತಿಕರ, ತರಬೇತಾದವರಿಂದ ಇದನ್ನು ನಿರೀಕ್ಷಿಸಿರಲಿಲ್ಲ, ಅಂತ. ಆದರೆ ಆ ಪುಸ್ತಕ ಕಣ್ಣಿಗೆ ಮಣ್ಣೆರಚಲು, ಒಳಗಿನ ರಿಪೋರ್ಟು ಬೇರೆ ಇರುತ್ತದೆ, ತಿಂಗಳೊಳಗೆ ಆರ್ಡರು ಬಂದು ತಾನು ಯಾವುದೋ ಕಾಡುಮೂಲೆಗೆ, ಅವಳು ಹೆಡ್‌ಮೇಷ್ಟ್ರ ಕುರ್ಚಿಗೆ. ಅದಕ್ಕೇ ಅವಳ ಮಾತನ್ನೇ ಹಿಡಿದು ಬರೆದದ್ದು, ಸದರಿ ಯಮುನಮ್ಮನ ಟ್ರೈನಿಂಗ್ ಸರ್ಟಿಫಿಕೇಟು ಖೋಟಾ ಎಂದು ಊರಲ್ಲೆಲ್ಲ ಮಾತಿದೆ, ಖುದ್ದು ತಮ್ಮೆದುರೇ ದಶಮಾಂಶ ಬಾರದ್ದನ್ನು ಆಕೆ ಒಪ್ಪಿಕೊಂಡಿಲ್ಲವೇ, ವಿಚಾರಣೆ ಆಗುವವರೆಗೆ ಕೆಲಸದಿಂದ ದೂರ ಇಡತಕ್ಕದ್ದು. ಒಳ್ಳೆಯ ವಾಕ್ಯ. ಇನ್ಸ್‌ಪೆಕ್ಟರು ನಂಬದೆ ಹೋಗಲಾರರು, ಕಿವಿಯಾರೆ ಕೇಳಿದ್ದಾರೆ.

ಸೊರಬದಲ್ಲಿ ಇಳಿದಾಗ ಮಧ್ಯಾಹ್ನ, ಕೆಂಪು ರುಮಾಲಿನವನು ಇವರ ಕಡೆ ನೋಡದೆ ಎಮ್ಮೆ ವ್ಯಾಪಾರದವರ ಜೊತೆ ಹೊರಟುಹೋದ, ಹೋಗಲಿ. ಅಂಚೆ ಕಚೇರಿಯ ಕಟಕಟೆಯ ಹಿಂದಿನವನಿಗೆ ಕನ್ನಡಕ, ತನ್ನ ಮುಖ ನೋಡದಿರಲಿ ಅಂತ ಮೇಷ್ಟ್ರು ತಲೆ ತಗ್ಗಿಸಿ ರೂಪಾಯಿ ನೋಟು ಒಳಗೆ ತಳ್ಳಿದರು, ಹದಿನೈದು ನಯಾಪೈಸೆಯ ಸ್ಟಾಂಪು ಒಂದು. ಚಿಲ್ಲರೆ ಇಲ್ಲ ಮಾರಾಯ್ರೆ ಅಂತ ಗೊಣಗಿ ಅವನು ಹತ್ತರ ಬಿಲ್ಲೆ ಒಂದಿಷ್ಟು, ಒಂದೊಂದರ ಪುಡಿ ಕಾಸು ಒಂದಿಷ್ಟು ಬಾಚಿ ಕೊಟ್ಟ. ಸ್ಟಾಂಪು ನೆಕ್ಕಿ ಅಂಟಿಸಿದರು, ಹೊರಗೆ ಬಂದರು, ಆ ಕಡೆ ಈ ಕಡೆ ನೋಡಿದರು, ಲಕೋಟೆಯನ್ನು ಡಬ್ಬಿಯ ಬಾಯಿಗೆ ಇಟ್ಟು ಬೆರಳಿಂದ ತಳ್ಳಿದರು, ಒಳಗೆ ಬಿದ್ದ ಸದ್ದೂ ಕೇಳಲಿಲ್ಲ. ಮುಗಿಯಿತು. ಆಮೇಲೆ ಜಗಲಿಯ ನೆರಳಲ್ಲಿ ನಿಂತು ಚಿಲ್ಲರೆ ಎಣಿಸಿದರು, ಕನ್ನಡಕದವರನ್ನು ನಂಬಬಾರದು, ಎಡ ಅಂಗೈಯಲ್ಲಿ ಹತ್ತರದ್ದು, ಅಂಚೆಲ್ಲ ಅಲೆ ಅಲೆಯಾದ ಹೊಸ ಬಿಲ್ಲೆ, ಹಿಂದಿಯಲ್ಲಿ ಏನೋ ಬರೆದಿದೆ, ಹಿಂದಿ ಪರೀಕ್ಷೆ ಒಂದು ಕಟ್ಟಿದ್ದರು, ಅಷ್ಟು ಓದಲು ಬರುತ್ತದೆ, ರುಪಯೇ ಕಾ ದಸವಾಂ ಭಾಗ, ರೂಪಾಯಿಯ ಹತ್ತನೇ ಒಂದು ಪಾಲು. ಸಣ್ಣದರ ಮೇಲೆ ನೂರನೇ ಒಂದು ಪಾಲು ಅಂತಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಐದು ಬಿಲ್ಲೆ ಅಂದರೆ ಹತ್ತರಲ್ಲಿ ಐದು ಪಾಲು, ಅರ್ಧ ರೂಪಾಯಿ, ಎಂಟಾಣೆ — ಎಣಿಕೆ ಅಲ್ಲೇ ನಿಂತಿತು — ಚುಕ್ಕಿ ಆದ ಮೇಲಿನ ಮೊದಲ ಮನೆ ಹತ್ತರ ಪಾಲು ಅಂತ ಪುಸ್ತಕದಲ್ಲಿ ಇತ್ತಲ್ಲ, ಓದಿ ದಾಟಿದ್ದರು, ಹಾಗಾದರೆ ಬಿಂದು ಐದು ಅಂದರೆ ಈ ಐದು, ಬಿಂದು ಹನ್ನೆರಡು ಅಂದರೆ ಇದೊಂದು, ಜೊತೆಗೆ ಆ ಪುಡಿ ಎರಡು, ಎರಡಾಣೆಯೂ ಸರಿಯಾಗಿ ಆಗುವುದಿಲ್ಲ. ಎಂಟಾಣೆ ದೊಡ್ಡದೋ ಎರಡಾಣೆ ದೊಡ್ಡದೋ, ಸಂತೆಯಲ್ಲಿ ಕೊತ್ತಂಬರಿ ಮಾರುವ ಮುದುಕಿಗೂ ಗೊತ್ತು. ಗೊತ್ತಿದ್ದೇ ಬರೆದಳು ಹುಡುಗಿ. ಸರಿಯಾದದ್ದನ್ನೇ ಬರೆದಳು, ತನ್ನ ಮುಖ ನೋಡಿದಳು, ಯಾರೋ ಕಲಿಸಿಕೊಟ್ಟ ಆಟ ಅಲ್ಲ ಅದು, ಒಂಬತ್ತು ವರ್ಷದ ಮಗು ಮೇಷ್ಟ್ರಿಗೆ ಅವಮಾನ ಆಗಬಾರದು ಅಂತ ಒರೆಸಿದ್ದು, ಮತ್ತೆ ಯಮುನಮ್ಮ, ಗೋಡೆಯ ಪಕ್ಕದಿಂದ, ತಪ್ಪು ನಂದು. ಮೇಷ್ಟ್ರಿಗೆ ನಾಚಿಕೆ ಆಯಿತು, ಇಷ್ಟು ನಾಚಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ. ಒಳಗೆ ಹೋಗಿ ಕೇಳಬಹುದು, ಸ್ವಾಮಿ, ಡಬ್ಬಿಯಲ್ಲಿ ಒಂದು ಲಕೋಟೆ ಇದೆ ವಾಪಸು ಕೊಡಿ, ಯಾರು ಬರೆದದ್ದು, ನಾನು, ಹೆಸರು ಹೇಳಿ, ಸಹಿ ಹಾಕಿ ತೋರಿಸಿ, ಅಕ್ಷರ ತಾಳೆ ನೋಡಬೇಕು — ಯಾವ ಕೈಯಲ್ಲಿ ಹಾಕಿ ತೋರಿಸುವುದು? ಡಬ್ಬಿಯ ಮೇಲೆ ಮೂರೂವರೆಗೆ ತೆಗೆಯಲಾಗುವುದು ಅಂತ ಬರೆದಿದೆ, ಒಳಗಿನ ಗಡಿಯಾರದಲ್ಲಿ ಮೂರು ಹೊಡೆಯಿತು, ಅರ್ಧ ಗಂಟೆ ಇದೆ, ಮೂರು ಮೆಟ್ಟಿಲು ಹತ್ತಿದರೆ ಕಟಕಟೆ, ಒಂದು ಹೆಜ್ಜೆ ಇಟ್ಟರು, ನಿಂತರು, ಹೇಳಿದರೆ ತನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ಅವಳದ್ದು, ಅವಳ ಬಾಯಿಂದ ಬಂದ ಮಾತೇ ಅವಳಿಗೆ ಸಾಕ್ಷಿ, ಮೂರೂ ಹತ್ತು, ಅಂಚೆಯವನು ಬೀಗದ ಕೈ ಗೊಂಚಲು ಹಿಡಿದು ಬಾಗಿಲಿಗೆ ಬಂದು, ಏನಾರ ಬೇಕಿತ್ತಾ, ಅಂದ, ಮೇಷ್ಟ್ರು ಅಂಗೈಯ ಚಿಲ್ಲರೆಯನ್ನು ಮತ್ತೆ ಎಣಿಸತೊಡಗಿದರು, ಹುಡುಗಿ ತುದಿಗಾಲಲ್ಲಿ ನಿಂತಿದ್ದಾಳೆ, ತಿರುಗಿ ತನ್ನನ್ನು ನೋಡುತ್ತಿದ್ದಾಳೆ, ಅಂಗೈ ಹಲಗೆಯ ಮೇಲೆ, ಒರೆಸುತ್ತಿದ್ದಾಳೆ, ಒರೆಸುತ್ತಿದ್ದಾಳೆ, ಬೆಳ್ಳನೆಯ ಅಂಗೈ